ತೊಟ್ಟಿಯ ಲೋಳೆಗೂ ಒಂದು ಚರಿತ್ರೆಯಿದೆ

ನಮ್ಮ ಶಾಲೆಗೆ ಮೊದಲ ಕೆಲವು ವರ್ಷ ನಲ್ಲಿ ಇರಲಿಲ್ಲ. ಹಿಂಬದಿಯ ಹೊಂಗೆಮರದ ಕೆಳಗೆ ಸಿಮೆಂಟಿನ ಒಂದು ತೊಟ್ಟಿ ಇತ್ತು. ಬಾವಿಯಿಂದ ನೀರು ಸೇದಿ ತಂದು ಅದನ್ನು ತುಂಬುವುದು ಹುಡುಗರ ಕೆಲಸ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದನ್ನು ತೊಳೆಯುವ ಪಾಳಿಯೂ ನಮ್ಮದೇ. ನೀರು ಚೆಲ್ಲಿ ಒಳಗಿಳಿದರೆ ಕಾಲು ಜಾರುತ್ತಿತ್ತು. ಗೋಡೆಗೆ ತೆಳ್ಳಗೆ ಲೋಳೆ ಅಂಟಿರುತ್ತಿತ್ತು. ತೆಂಗಿನ ನಾರು, ಇಟ್ಟಿಗೆ ಪುಡಿ ಹಿಡಿದು ಉಜ್ಜಬೇಕು. ಒಂದು ದಿನ ಬೇಸತ್ತು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ: "ಸಾರ್, ಬ್ಲೀಚಿಂಗ್ ಪುಡಿ ಹಾಕ್ತೀವಲ್ಲ, ಮತ್ತೆ ಉಜ್ಜೋದು ಯಾಕೆ?" ಅವರು ನಕ್ಕು ಹೇಳಿದರು: "ಪುಡಿ ಇರೋದು ನೀರಿಗೆ ಕಣಯ್ಯ. ಲೋಳೆಗೆ ಕೈಯೇ ಬೇಕು. ಉಜ್ಜು."

ಆ ಮಾತಿನ ತೂಕ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಶಾಲೆ ಬಿಟ್ಟ ಮೇಲೆ ನಾನು ಪ್ರಯೋಗಾಲಯ ತಂತ್ರಜ್ಞನಾದೆ. ರಕ್ತ, ಮೂತ್ರ, ಕಫ, ಕೀವು ಇವುಗಳ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು ನಿವೃತ್ತನಾಗಿದ್ದೇನೆ. ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಶಾಲೆಯ ನೆನಪುಗಳನ್ನು ಬರೆಯೋಣವೆಂದುಕೊಂಡೆ. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಗೆಳೆಯರಿದ್ದಾರೆ. ಆದ್ದರಿಂದ ನನಗೆ ಗೊತ್ತಿರುವ ಒಂದು ಚರಿತ್ರೆಯನ್ನು ಬರೆಯುತ್ತೇನೆ. ರಾಜರದ್ದಲ್ಲ, ಯುದ್ಧಗಳದ್ದಲ್ಲ, ಆ ತೊಟ್ಟಿಯ ಲೋಳೆಯದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಬಯೋಫಿಲಂ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಒಟ್ಟಾಗಿ ವಾಸಿಸುವ ವ್ಯವಸ್ಥೆ ಅದು. ಲೋಳೆಯ ಮನೆ ಎನ್ನಿ.

ಈ ಚರಿತ್ರೆಯ ಆರಂಭ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ. ಅಲ್ಲಿ ಆಂಟನಿ ವಾನ್ ಲೀವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದ. 1632ರಲ್ಲಿ ಹುಟ್ಟಿದವನು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಆ ಕಾಲದ ಪಂಡಿತರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ಆದರೆ ಗಾಜನ್ನು ಉಜ್ಜಿ ಸಣ್ಣ ಮಸೂರ ಮಾಡುವುದರಲ್ಲಿ ಅವನಿಗೆ ಸಮನಾದವರು ಆಗ ಯೂರೋಪಿನಲ್ಲೇ ಇರಲಿಲ್ಲ. ಕಂಡದ್ದನ್ನೆಲ್ಲ ತನ್ನ ಡಚ್ ಭಾಷೆಯಲ್ಲಿ ಕಾಗದ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸುತ್ತಿದ್ದ. 1683ರ ಸೆಪ್ಟೆಂಬರ್ 17ರ ಕಾಗದದಲ್ಲಿ ಅವನು ತನ್ನ ಹಲ್ಲಿನ ಬಗ್ಗೆ ಬರೆದ. ಉಪ್ಪು ಹಚ್ಚಿ ಹಲ್ಲುಜ್ಜಿ, ಬಟ್ಟೆಯಿಂದ ತಿಕ್ಕಿ ತೊಳೆಯುವ ಅಭ್ಯಾಸ ಅವನದು, ನಮ್ಮ ಅಜ್ಜಂದಿರ ಹಾಗೆಯೇ. ಆದರೂ ಹಲ್ಲಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ವಸ್ತು ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ಮಸೂರದ ಕೆಳಗಿಟ್ಟು ನೋಡಿದರೆ ಅಸಂಖ್ಯಾತ ಪುಟ್ಟ ಜೀವಿಗಳು! ಕೆಲವು ಮೀನಿನಂತೆ ನುಗ್ಗುತ್ತಿದ್ದವು, ಕೆಲವು ಬುಗುರಿಯಂತೆ ತಿರುಗುತ್ತಿದ್ದವು. ತನ್ನ ಬಾಯಲ್ಲಿರುವ ಜೀವಿಗಳ ಸಂಖ್ಯೆಯ ಮುಂದೆ ಇಡೀ ದೇಶದ ಜನಸಂಖ್ಯೆ ಕಡಿಮೆಯೆಂದು ಅವನು ಬೆರಗಾಗಿ ಬರೆದ. ಜನ್ಮದಲ್ಲಿ ಹಲ್ಲುಜ್ಜದ ಒಬ್ಬ ಮುದುಕನನ್ನು ಹಿಡಿದು ಅವನ ಬಾಯನ್ನೂ ಪರೀಕ್ಷಿಸಿದ. ಅಲ್ಲಿಯ ಸಂತೆಯನ್ನು ಹೇಳುವುದೇ ಬೇಡ.

ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡವನು ಲೀವೆನ್‌ಹುಕ್ ಎಂದು ನಮ್ಮ ಪಠ್ಯಪುಸ್ತಕದಲ್ಲಿತ್ತು. ಅವನು ಮುಂದೆ ಮಾಡಿದ ಇನ್ನೊಂದು ಕೆಲಸ ಅದರಲ್ಲಿರಲಿಲ್ಲ. ವಿನೆಗರ್ ಈ ಜೀವಿಗಳನ್ನು ಕೊಲ್ಲುತ್ತದೆಂದು ಅವನಿಗೆ ತಿಳಿದಿತ್ತು. ಸರಿ, ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದ. ಆಮೇಲೆ ಹಲ್ಲಿನ ಕೊಳೆಯನ್ನು ಕೆರೆದು ನೋಡಿದರೆ ಜೀವಿಗಳು ಹಾಗೆಯೇ ಓಡಾಡುತ್ತಿವೆ. ಅದೇ ಕೊಳೆಯನ್ನು ಹೊರತೆಗೆದು, ನೀರಿನಲ್ಲಿ ಬಿಡಿಬಿಡಿ ಮಾಡಿ ವಿನೆಗರ್ ಬೆರೆಸಿದರೆ ಸಾಯುತ್ತವೆ. ಅವನು ಕಂಡುಕೊಂಡದ್ದು ಇಷ್ಟು: ವಿನೆಗರ್ ಕೊಳೆಯ ಹೊರಮೈಯಲ್ಲಿದ್ದವನ್ನು ಮಾತ್ರ ಕೊಂದಿದೆ, ಅದರ ಒಳಕ್ಕೆ ಇಳಿದಿಲ್ಲ. ಇದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1684ರಲ್ಲಿ ಅಚ್ಚಾಯಿತು. ಬಿಡಿಯಾಗಿದ್ದಾಗ ಸಾಯುವ ಸೂಕ್ಷ್ಮಾಣು ಗುಂಪಾಗಿ ಅಂಟಿಕೊಂಡಾಗ ಸಾಯುವುದಿಲ್ಲ ಎಂಬ ಸಂಗತಿ ಮನುಷ್ಯನ ಕೈಗೆ ಮೊದಲ ನೋಟದಲ್ಲೇ ಸಿಕ್ಕಿತ್ತು. ಸಿಕ್ಕಿದ್ದನ್ನು ನಾವು ಕಳೆದುಕೊಂಡೆವು, ಅದೂ ಸುಮಾರು ಮುನ್ನೂರು ವರ್ಷ.

ಕಳೆದುಕೊಂಡದ್ದು ದಡ್ಡತನದಿಂದಲ್ಲ, ದೊಡ್ಡ ಗೆಲುವಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಬರ್ಟ್ ಕಾಖ್ ರೋಗಗಳ ಮೂಲ ಹುಡುಕಲು ಹೊರಟ. ಒಂದು ರೋಗಕ್ಕೆ ಒಂದು ಸೂಕ್ಷ್ಮಾಣು ಕಾರಣವೆಂದು ಸಾಧಿಸಬೇಕಾದರೆ ಅದೊಂದನ್ನೇ ಬೇರ್ಪಡಿಸಿ, ಬೇರೆ ಯಾವುದೂ ಬೆರೆಯದಂತೆ ಬೆಳೆಸಬೇಕು. ಇದಕ್ಕೆ ಶುದ್ಧ ಕೃಷಿ ಎಂದು ಹೆಸರು. ಕಾಖ್ ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿದ. ಆಮೇಲೆ ಜೆಲಾಟಿನ್ ಬಳಸಿದ, ಬೇಸಿಗೆಯಲ್ಲಿ ಅದು ಕರಗಿಹೋಗುತ್ತಿತ್ತು. ಪರಿಹಾರ ಬಂದದ್ದು ಅಡುಗೆಮನೆಯಿಂದ. ಅವನ ಸಹಾಯಕ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ಜೆಲ್ಲಿ ಮಾಡಲು ಅಗರ್ ಬಳಸುತ್ತಿದ್ದಳು. ಕಡಲ ಪಾಚಿಯಿಂದ ತೆಗೆಯುವ ಇದನ್ನು ನಮ್ಮ ಅಂಗಡಿಗಳಲ್ಲಿ ಚೀನಾ ಗ್ರಾಸ್ ಎಂದು ಮಾರುತ್ತಾರೆ. ಜಾವಾ ದ್ವೀಪದಲ್ಲಿದ್ದು ಬಂದ ಪರಿಚಿತರಿಂದ ಅವಳು ಅದನ್ನು ಕಲಿತಿದ್ದಳಂತೆ. ನಾನು ಮೂವತ್ತು ವರ್ಷ ಸುರಿದ ಅಗರ್ ತಟ್ಟೆಗಳ ಹಿಂದೆ ಆ ತಾಯಿಯ ಅಡುಗೆಮನೆ ಇದೆ. ಅವಳ ಹೆಸರು ಮಾತ್ರ ಬಹುಪಾಲು ಪುಸ್ತಕಗಳಲ್ಲಿ ಇಲ್ಲ.

ಈ ವಿಧಾನದಿಂದ 1882ರಲ್ಲಿ ಕ್ಷಯದ ಸೂಕ್ಷ್ಮಾಣು ಸಿಕ್ಕಿತು. 1883ರ ಕೊನೆಗೆ ಕಾಖ್ ಕಲ್ಕತ್ತಕ್ಕೆ ಬಂದು, ಅಲ್ಲಿ 1884ರ ಆರಂಭದಲ್ಲಿ ಕಾಲರಾದ ಬಾಗಿದ ಸೂಕ್ಷ್ಮಾಣುವನ್ನು ಬೇರ್ಪಡಿಸಿದ. ಮುಂದಿನ ಎರಡು ಮೂರು ದಶಕಗಳಲ್ಲಿ ಪ್ಲೇಗು, ಧನುರ್ವಾಯು, ಗಂಟಲಮಾರಿ ಒಂದೊಂದಾಗಿ ಬಯಲಾದವು. ಇಂಥ ವಿಧಾನವನ್ನು ಯಾರು ಪ್ರಶ್ನಿಸುತ್ತಾರೆ? ಪ್ರಪಂಚದ ಪ್ರಯೋಗಾಲಯಗಳೆಲ್ಲ ಅದನ್ನೇ ಹಿಡಿದವು. ಒಂದೇ ಜಾತಿಯ ಬ್ಯಾಕ್ಟೀರಿಯಾ, ಒಳ್ಳೆಯ ಆಹಾರ, ಹದವಾದ ಬಿಸಿ, ಸಾರಿನಲ್ಲಿ ತೇಲಾಡಿಕೊಂಡು ಬೆಳೆಯುವ ಸುಖ. ಕ್ರಮೇಣ ಸೀಸೆಯೊಳಗಿನ ಈ ಬದುಕೇ ಬ್ಯಾಕ್ಟೀರಿಯಾದ ಸಹಜ ಬದುಕೆಂದು ಎಲ್ಲರೂ ನಂಬಿದರು. ಹಾಸ್ಟೆಲಿನ ಹುಡುಗನನ್ನು ನೋಡಿ ಅವನ ಮನೆ ಹೀಗೇ ಇರಬೇಕೆಂದು ತೀರ್ಮಾನಿಸಿದ ಹಾಗೆ.

ನಾನೂ ಆ ನಂಬಿಕೆಯಲ್ಲೇ ತಯಾರಾದವನು. ಕೀವಿನ ಮಾದರಿ ಬಂದರೆ ಅದರಿಂದ ಬ್ಯಾಕ್ಟೀರಿಯಾ ಬೆಳೆಸಿ, ಅಗರ್ ತಟ್ಟೆಯ ಮೇಲೆ ಹರಡಿ, ಔಷಧ ಹೀರಿಸಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬಯಲು ಬಿದ್ದಿದ್ದರೆ ಆ ಔಷಧಕ್ಕೆ ಅದು ಬಗ್ಗುತ್ತದೆ ಎಂದರ್ಥ. ವರದಿಯಲ್ಲಿ 'ಎಸ್' ಎಂದು ಬರೆಯುತ್ತೇವೆ. ಬಗ್ಗದಿದ್ದರೆ 'ಆರ್'. ಇಷ್ಟೇ.

1991ರಲ್ಲಿ ನಮ್ಮ ಚಿಕ್ಕಪ್ಪ ಲೂನಾದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಒಳಗೆ ಸ್ಟೀಲಿನ ಸರಳು ಹಾಕಿದರು. ಮೂರು ತಿಂಗಳ ಮೇಲೆ ಹೊಲಿಗೆಯ ಪಕ್ಕದಲ್ಲಿ ಸಣ್ಣ ರಂಧ್ರವಾಗಿ ಕೀವು ಬರಲು ಆರಂಭವಾಯಿತು. ಮಾದರಿಯನ್ನು ನಾನೇ ಪರೀಕ್ಷಿಸಿದೆ. ಸ್ಟಾಫಿಲೊಕಾಕಸ್ ಆರಿಯಸ್, ಚರ್ಮದ ಮೇಲೂ ಮೂಗಿನೊಳಗೂ ಇರುವ ಮಾಮೂಲಿ ಗಿರಾಕಿ. ಕೊಡಬೇಕಾದ ಔಷಧದ ಮುಂದೆ ಸ್ಪಷ್ಟವಾಗಿ 'ಎಸ್'. ಮಾತ್ರೆ ಶುರುವಾಯಿತು, ಎರಡು ವಾರದಲ್ಲಿ ಗಾಯ ಒಣಗಿತು. ಮಾತ್ರೆ ಮುಗಿದ ತಿಂಗಳಲ್ಲಿ ಮತ್ತೆ ಕೀವು. ಮತ್ತೆ ಮಾದರಿ, ಮತ್ತೆ ಅದೇ 'ಎಸ್'. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ನನಗೆ ಅನುಮಾನ ಬಂದಿತ್ತು. ಚಿಕ್ಕಪ್ಪನಿಗೆ ಮಾತ್ರೆ ಎಂದರೆ ಆಗುತ್ತಿರಲಿಲ್ಲ, ಅದು ಮನೆಮಂದಿಗೆಲ್ಲ ಗೊತ್ತು. ಒಂದು ದಿನ ಅವರಿಗೆ ಹೇಳದೆ ಪೊಟ್ಟಣ ತೆಗೆದು ಮಾತ್ರೆಗಳನ್ನು ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಆದರೂ ನಂಬಲಿಲ್ಲ. ಚಿಕ್ಕಮ್ಮನ ಎದುರಿಗೇ, "ನುಂಗ್ತೀರೋ ಇಲ್ಲ ಕಿಟಕಿಯಿಂದ ಆಚೆ ಎಸೀತೀರೋ? ವರದಿ ಸುಳ್ಳು ಹೇಳೋದಿಲ್ಲ ಚಿಕ್ಕಪ್ಪ" ಎಂದುಬಿಟ್ಟೆ. ನನಗೆ ಫೀಸು ಕಟ್ಟಿ ಓದಿಸಿದವರು ಅವರು. ಏನೂ ಹೇಳಲಿಲ್ಲ, ಪಂಚೆ ಸರಿಮಾಡಿಕೊಂಡು ಎದ್ದು ಹಿತ್ತಿಲಿಗೆ ಹೋದರು.

ವರದಿ ಸುಳ್ಳು ಹೇಳಿರಲಿಲ್ಲ ನಿಜ. ಆದರೆ ಅದು ಹೇಳಿದ್ದು ನನ್ನ ತಟ್ಟೆಯಲ್ಲಿ ಹೊಟ್ಟೆ ತುಂಬ ತಿಂದು ಬೆಳೆಯುತ್ತಿದ್ದ ಬ್ಯಾಕ್ಟೀರಿಯಾದ ಸಮಾಚಾರ. ಸರಳಿನ ಮೇಲೆ ಕೂತಿದ್ದವುಗಳದ್ದಲ್ಲ.

ಇದನ್ನು ತಿಳಿದವರು ಆಗಲೇ ಇದ್ದರು. ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಮಿನೆಸೋಟದ ಪ್ರೊಫೆಸರ್ ಆರ್ಥರ್ ಹೆನ್ರಿಸಿ ಗಾಜಿನ ಪಟ್ಟಿಗಳನ್ನು ಕೆರೆಯ ನೀರಿನಲ್ಲಿ ಇಳಿಬಿಟ್ಟು, ಕೆಲವು ದಿನ ಬಿಟ್ಟು ಎತ್ತಿ ನೋಡಿದ. ಗಾಜಿನ ಮೇಲೆಲ್ಲ ಬ್ಯಾಕ್ಟೀರಿಯಾಗಳ ಹಾಸು. ನೀರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತೇಲುವವಲ್ಲ, ಮುಳುಗಿದ ವಸ್ತುಗಳ ಮೇಲೆ ಬೆಳೆಯುವವು ಎಂದು 1933ರಲ್ಲೇ ಬರೆದ. ಹಡಗುಗಳ ತಳಕ್ಕೆ ಅಂಟುವ ಪಾಚಿಯ ತೊಂದರೆ ಹುಡುಕಲು ಹೊರಟ ಕ್ಲಾಡ್ ಜೋಬೆಲ್ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಇದನ್ನೇ ಕಂಡು 1943ರಲ್ಲಿ ಪ್ರಕಟಿಸಿದ. ಆದರೆ ಇವರು ಕೆರೆ ಕಡಲಿನವರು. ವೈದ್ಯರು ಇವರ ಪತ್ರಿಕೆ ಓದುವವರಲ್ಲ.

ವೈದ್ಯರ ಕಡೆಯೂ ಒಂದು ಸುಳಿವು ಸಿಕ್ಕಿತ್ತು. ಐರ್ಲೆಂಡಿನ ಜೋಸೆಫ್ ಬಿಗ್ಗರ್ ಎಂಬ ವೈದ್ಯ 1944ರಲ್ಲಿ, ಪೆನಿಸಿಲಿನ್ ಇನ್ನೂ ಹೊಸದಾಗಿದ್ದಾಗ, ಸ್ಟಾಫಿಲೊಕಾಕಸ್ ತುಂಬಿದ ಸಾರಿಗೆ ಅದನ್ನು ಹಾಕಿದ. ಲೆಕ್ಕವಿಲ್ಲದಷ್ಟು ಸತ್ತವು, ಆದರೆ ಎಲ್ಲವೂ ಸಾಯಲಿಲ್ಲ. ಹತ್ತು ಲಕ್ಷಕ್ಕೆ ಒಂದರಂತೆ ಉಳಿದವು. ಇವು ಪೆನಿಸಿಲಿನ್ನಿಗೆ ಬಗ್ಗದ ಹೊಸ ತಳಿಯಿರಬೇಕೆಂದು ಅವುಗಳ ಸಂತತಿ ಬೆಳೆಸಿ ಪರೀಕ್ಷಿಸಿದರೆ, ಆ ಸಂತತಿ ಮೊದಲಿನಂತೆಯೇ ಸಾಯುತ್ತದೆ! ಬಿಗ್ಗರ್ ಸರಿಯಾಗಿಯೇ ಊಹಿಸಿದ: ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ, ಹೊಸ ಗೋಡೆ ಕಟ್ಟಿಕೊಳ್ಳುತ್ತಿರುವ ಬ್ಯಾಕ್ಟೀರಿಯಾವನ್ನು. ಆ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ ಮಲಗಿದ್ದವು ಉಳಿದುಕೊಂಡವು. ಔಷಧವನ್ನು ಸೋಲಿಸುವ ಗುಣ ಬೇರೆ, ಔಷಧ ಹೋಗುವವರೆಗೆ ತಾಳಿಕೊಂಡಿರುವ ಗುಣ ಬೇರೆ. ಈ ವ್ಯತ್ಯಾಸ ನನ್ನ ಬಿಲ್ಲೆಗಳಿಗೆ ಕಾಣುವುದಿಲ್ಲ. ಹೊಸ ಹೊಸ ಔಷಧಗಳು ಸಾಲುಸಾಲಾಗಿ ಬರುತ್ತಿದ್ದ ಕಾಲ ಅದು. ಬಿಗ್ಗರನ ಹತ್ತು ಲಕ್ಷಕ್ಕೊಂದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಳೆಗಳನ್ನೆಲ್ಲ ಕೂಡಿಸಿದವನು ಕೆನಡಾದ ಬಿಲ್ ಕಾಸ್ಟರ್ಟನ್. ನಮಗೆ ಹೆಮ್ಮೆಯ ಒಂದು ಸಂಗತಿ: ಈತ ತನ್ನ ವೃತ್ತಿಯ ಆರಂಭದಲ್ಲಿ, 1960ರ ದಶಕದ ಮೊದಲ ವರ್ಷಗಳಲ್ಲಿ, ಪಂಜಾಬಿನ ಬಟಾಲಾದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದ. ಆಮೇಲೆ ಕೆನಡಾಕ್ಕೆ ಮರಳಿ ಕ್ಯಾಲ್ಗರಿಯಲ್ಲಿ ನೆಲೆಸಿದ. ಅಲ್ಲಿಯ ಬೆಟ್ಟದ ತೊರೆಗಳ ನೀರು ಸ್ಫಟಿಕದಂತೆ ತಿಳಿ. ನೀರಿನಲ್ಲಿ ಬ್ಯಾಕ್ಟೀರಿಯಾ ಎಣಿಸಿದರೆ ಬಹಳ ಕಡಿಮೆ. ಆದರೆ ತೊರೆಯೊಳಗೆ ಕಾಲಿಟ್ಟರೆ ಕಲ್ಲು ಜಾರುತ್ತದೆ. ಆ ಜಾರಿಕೆಯನ್ನು ಕೆರೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ಬ್ಯಾಕ್ಟೀರಿಯಾಗಳ ಊರೇ ಅಲ್ಲಿದೆ, ಸಕ್ಕರೆ ಜಾತಿಯ ನಾರಿನ ಬಲೆಯಲ್ಲಿ ಹುದುಗಿ ಕೂತಿದೆ. ಹಸುವಿನ ಹೊಟ್ಟೆಯಲ್ಲೂ ಅದೇ ದೃಶ್ಯ. 1978ರ ಜನವರಿಯ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಕಾಸ್ಟರ್ಟನ್, ಗೀಸಿ, ಚೆಂಗ್ ಮೂವರೂ ಸೇರಿ ಬ್ಯಾಕ್ಟೀರಿಯಾಗಳು ಅಂಟುವ ಬಗೆಯನ್ನು ಜಗತ್ತಿಗೆ ಹೇಳಿದರು. ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಸಾಕಿದ ಬ್ಯಾಕ್ಟೀರಿಯಾ ತನ್ನ ಅಂಟಿನ ಹೊದಿಕೆಯನ್ನೇ ಮರೆತುಬಿಡುತ್ತದೆ, ಆದ್ದರಿಂದಲೇ ಅದು ಇಷ್ಟು ದಿನ ನಮ್ಮ ಕಣ್ಣಿಗೆ ಬೀಳಲಿಲ್ಲ ಎಂಬುದು ಅವರ ವಾದ.

ತೊರೆಯ ಕಲ್ಲಿಗೂ ಆಸ್ಪತ್ರೆಯ ಹಾಸಿಗೆಗೂ ಏನು ಸಂಬಂಧ ಎಂದು ಕೇಳಿದವರಿಗೆ 1982ರಲ್ಲಿ ಉತ್ತರ ಸಿಕ್ಕಿತು. ಎದೆಯಲ್ಲಿ ಪೇಸ್‌ಮೇಕರ್ ಇದ್ದ ರೋಗಿಯೊಬ್ಬರಿಗೆ ರಕ್ತದಲ್ಲಿ ಸ್ಟಾಫಿಲೊಕಾಕಸ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಔಷಧ ಕೊಟ್ಟಾಗ ತಗ್ಗುತ್ತದೆ, ನಿಲ್ಲಿಸಿದರೆ ಏಳುತ್ತದೆ. ಕೊನೆಗೆ ಹೃದಯಕ್ಕೆ ಹೋಗುವ ಆ ತಂತಿಯನ್ನೇ ತೆಗೆದು ಮ್ಯಾರಿ, ನೆಲ್ಲಿಗನ್ ಮತ್ತು ಕಾಸ್ಟರ್ಟನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತಂತಿಯ ಮೇಲೆ ದಪ್ಪ ಲೋಳೆಯ ಹಾಸು, ಅದರೊಳಗೆ ಗುಂಪುಗುಂಪಾಗಿ ಸ್ಟಾಫಿಲೊಕಾಕಸ್. ಇತ್ತ ಡೆನ್ಮಾರ್ಕಿನ ನೀಲ್ಸ್ ಹಾಯ್ಬಿ 1970ರ ದಶಕದಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ರೋಗದ ಮಕ್ಕಳ ಕಫದಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಲೋಳೆಗಟ್ಟಿ ಕೂತಿರುವುದನ್ನು ಕಾಣುತ್ತಿದ್ದ. 1985ರಲ್ಲಿ ಮೂತ್ರನಾಳಕ್ಕೆ ಹಾಕುವ ಕೊಳವೆಯ ತುಂಡುಗಳ ಮೇಲೆ ಇದೇ ಸ್ಯೂಡೊಮೊನಾಸ್ ಬೆಳೆಸಿ, ಟೋಬ್ರಾಮೈಸಿನ್ ಔಷಧ ಹಾಕಿದರು. ತೇಲುತ್ತಿದ್ದವು ಒಂದು ಮಿಲಿಲೀಟರಿಗೆ 50 ಮೈಕ್ರೋಗ್ರಾಮಿನಲ್ಲಿ ಪೂರ್ತಿ ಸತ್ತವು. ಕೊಳವೆಗೆ ಅಂಟಿದ್ದವುಗಳಲ್ಲಿ ಬಹಳಷ್ಟು 1000 ಮೈಕ್ರೋಗ್ರಾಮಿನಲ್ಲೂ ಬದುಕಿದ್ದವು. ಒಂದೇ ಬ್ಯಾಕ್ಟೀರಿಯಾ, ಒಂದೇ ಔಷಧ, ಇಪ್ಪತ್ತು ಪಟ್ಟು ಪ್ರಮಾಣ. ವಿನೆಗರ್ ಮುಕ್ಕಳಿಸಿದ ಬಟ್ಟೆ ವ್ಯಾಪಾರಿ ಇದನ್ನು ಕಂಡಿದ್ದರೆ ತಲೆಯಾಡಿಸುತ್ತಿದ್ದ.

ಲೋಳೆಯೊಳಗೆ ಇವು ಹೇಗೆ ಉಳಿಯುತ್ತವೆ? ಅಂಟು ಗೋಡೆಯಂತೆ ಔಷಧವನ್ನು ತಡೆಯುತ್ತದೆ ಎಂದು ಮೊದಲು ಎಲ್ಲರೂ ಭಾವಿಸಿದ್ದರು. ಅದು ಅರ್ಧ ಸತ್ಯ. ಕೆಲವು ಔಷಧಗಳು ಅಂಟಿನಲ್ಲಿ ಸಿಕ್ಕಿಕೊಂಡು ತಡವಾಗುತ್ತವೆ, ಕೆಲವು ಸಲೀಸಾಗಿ ಒಳಗಿಳಿಯುತ್ತವೆ. 1991ರಲ್ಲಿ ಹೊಸ ಬಗೆಯ ಸೂಕ್ಷ್ಮದರ್ಶಕದಿಂದ ಜೀವಂತ ಲೋಳೆಯನ್ನು ಪದರ ಪದರವಾಗಿ ನೋಡಿದಾಗ ಅದು ಬರಿಯ ಮುದ್ದೆಯಲ್ಲ, ಬಹುಪಾಲು ನೀರೇ ಎಂದು ತಿಳಿಯಿತು. ಗುಂಪುಗಳ ನಡುವೆ ನಾಲೆಗಳಂತೆ ದಾರಿಗಳಿವೆ. ಮುಖ್ಯವಾದದ್ದು ಒಳಗಿನ ಬಡತನ. ಮೇಲಿನ ಪದರದವು ಆಹಾರವನ್ನೂ ಆಮ್ಲಜನಕವನ್ನೂ ತಿಂದು ಮುಗಿಸುತ್ತವೆ. ಒಳಗಿನವು ಅರೆಹೊಟ್ಟೆಯಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗುತ್ತವೆ. ಅಲ್ಲಿ ಬಿಗ್ಗರನ ಹತ್ತು ಲಕ್ಷಕ್ಕೊಂದು ದಂಡಿಯಾಗಿ ಸಿಗುತ್ತದೆ. ಔಷಧದ ಅಲೆ ಹಾದುಹೋದ ಮೇಲೆ ಅವು ಎದ್ದು ಮನೆ ಮತ್ತೆ ಕಟ್ಟುತ್ತವೆ. ದೇಹದ ಬಿಳಿ ರಕ್ತಕಣಗಳಿಗೂ ಆ ಮುದ್ದೆಯನ್ನು ನುಂಗಲಾಗುವುದಿಲ್ಲ. ಇದರ ಮೇಲೆ, ಒತ್ತೊತ್ತಾಗಿ ಕೂತಿರುವುದರಿಂದ ಔಷಧಕ್ಕೆ ಬಗ್ಗದ ಗುಣದ ಜೀನುಗಳನ್ನು ಒಂದಕ್ಕೊಂದು ದಾಟಿಸುವುದು ಸುಲಭ. ತಾಳಿಕೊಂಡು ಕೂತವು ಮುಂದೆ ನಿಜವಾಗಿಯೇ 'ಆರ್' ಆಗಿ ಹೊರಬರುವುದು ಹೀಗೆ. ಇನ್ನು ರಾಸಾಯನಿಕಗಳ ಮೂಲಕ ಅವು ತಮ್ಮ ಸಂಖ್ಯೆ ಎಷ್ಟೆಂದು ಅರಿತು ನಡೆದುಕೊಳ್ಳುವ ಕಥೆಯೂ ಇದೆ. ಅದನ್ನು ಹೇಳಲು ಹೊರಟರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ.

ಆದರೆ ಸೀರೆಯ ಕಥೆಯನ್ನು ಬಿಡಲಾರೆ. ಕಾಖ್ ಕಲ್ಕತ್ತದಲ್ಲಿ ಹಿಡಿದ ಕಾಲರಾ ಸೂಕ್ಷ್ಮಾಣು ಎರಡು ಸಾಂಕ್ರಾಮಿಕಗಳ ನಡುವೆ ಎಲ್ಲಿರುತ್ತದೆ ಎಂಬುದು ಬಹುಕಾಲದ ಒಗಟಾಗಿತ್ತು. ಅಮೆರಿಕದ ರೀಟಾ ಕೋಲ್ವೆಲ್ ಮತ್ತು ಬಾಂಗ್ಲಾದೇಶದ ಅನ್ವರ್ ಹುಕ್ ಸೇರಿ ಉತ್ತರ ಕಂಡರು: ಅದು ಕೆರೆ, ಹೊಳೆಯ ನೀರಿನ ಕೋಪೆಪಾಡ್ ಎಂಬ ಸೂಕ್ಷ್ಮ ಸೀಗಡಿಯಂಥ ಪ್ರಾಣಿಗಳ ಮೈಗೆ ಅಂಟಿ ಬದುಕುತ್ತದೆ. ಅಂಟಿದ್ದರಿಂದಲೇ ಒಂದು ಉಪಾಯವೂ ಹೊಳೆಯಿತು. ಬಿಡಿ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನುಸುಳಿಹೋಗುತ್ತದೆ, ಕೋಪೆಪಾಡ್ ಹೋಗುವುದಿಲ್ಲ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಕಟ್ಟಿ ನೀರು ಸೋಸಬೇಕು. ಒಗೆದು ಒಗೆದು ಎಳೆ ಮೆತ್ತಗಾದ ಸೀರೆ ಹೊಸದಕ್ಕಿಂತ ಉತ್ತಮ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಪರೀಕ್ಷಿಸಿದಾಗ ಸೀರೆಯಲ್ಲಿ ಸೋಸಿದ ಕಡೆ ಕಾಲರಾ 48 ಶೇಕಡಾ ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟವಾಯಿತು. ಶಾಲೆಯ ತೊಟ್ಟಿಗೆ ನೀರು ಸುರಿಯುವಾಗ ನಮ್ಮ ಜವಾನರು ತಪ್ಪದೆ ಹಳೆಯ ಬಟ್ಟೆ ಹಿಡಿಯುತ್ತಿದ್ದುದು ಇದನ್ನು ಓದುವಾಗ ನೆನಪಾಯಿತು. ಅವರು ಹಿಡಿದದ್ದು ಕಸಕ್ಕೆ, ಆದರೂ.

ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. 1993ರಲ್ಲಿ, ಮೂಳೆ ಕೂಡಿದೆ, ಇನ್ನು ಸರಳು ಬೇಡ ಎಂದು ವೈದ್ಯರು ತೆಗೆದುಹಾಕಿದರು. ಒಂದೂವರೆ ತಿಂಗಳಲ್ಲಿ ಗಾಯ ಮುಚ್ಚಿತು, ಮತ್ತೆ ಕೀವು ಬರಲಿಲ್ಲ. ಮಾತ್ರೆ ಅದೇ, ನುಂಗುವವರೂ ಅವರೇ. ನಾನು ಕಾರಣ ಯೋಚಿಸಲಿಲ್ಲ. 1998ರಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ, ಉಪನ್ಯಾಸಕರೊಬ್ಬರು ಪೇಸ್‌ಮೇಕರ್ ತಂತಿಯ ಆ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಟಿಪ್ಪಣಿ ಹೇಳಿ ಮುಂದಕ್ಕೆ ಹೋದರು. ನಾನು ಮುಂದಕ್ಕೆ ಹೋಗಲಿಲ್ಲ. ತಂತಿಯ ಜಾಗದಲ್ಲಿ ನನಗೆ ಸರಳು ಕಂಡಿತು, ಆಮೇಲೆ ಶಾಲೆಯ ತೊಟ್ಟಿ ಕಂಡಿತು.

ಆ ವಾರದ ಕೊನೆಗೆ ಊರಿಗೆ ಹೋದೆ. ಚಿಕ್ಕಪ್ಪ ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಲೋಳೆ, ಸರಳು, ಮಲಗಿಕೊಳ್ಳುವ ಬ್ಯಾಕ್ಟೀರಿಯಾ, ನನ್ನ ವರದಿಯಲ್ಲಿ ಕಾಣದೇ ಹೋದದ್ದು. ಅವರು ಸುಲಿಯುತ್ತಲೇ ಕೇಳಿಸಿಕೊಂಡರು. "ಹಾಗಾದ್ರೆ ನಾನು ನುಂಗಿದ್ದೆ ಅಂತ ಈಗ ಒಪ್ತೀಯ?" ಎಂದರು. ಒಪ್ಪುತ್ತೇನೆ ಎಂದೆ. "ಆ ದಿನ ಪೊಟ್ಟಣ ಎಣಿಸಿದ್ದೂ ನೋಡಿದ್ದೆ ಕಣೋ" ಎಂದು ಹೇಳಿ, ಒಂದು ಹಿಡಿ ಬೀಜ ತೆಗೆದು ನನ್ನ ಕೈಗೆ ಹಾಕಿದರು.